ಖಾಲಿ ಕಳಿಸಬಾರದ ಡಬ್ಬಿ

ಗುಬ್ಬಿ
14 ಜೂನ್ 2025

ಪೂಜ್ಯ ಬೀಗರಾದ ಕುಣಿಗಲ್ಲಿನ ಅನಂತರಾಜು ಅವರ ಸನ್ನಿಧಾನಕ್ಕೆ, ನಿಮ್ಮ ಸೊಸೆ ಇಂಪನಾಳ ತಂದೆ ರಾಮಾಂಜಿನಯ್ಯ ಮೇಷ್ಟ್ರ ನಮಸ್ಕಾರಗಳು.

ಜೇಬಿನಲ್ಲಿ ಫೋನ್ ಇರುವಾಗ ಇದೇನು ಕಾಗದ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಫೋನಿನ ಮಾತು ಯಾವಾಗಲೂ ಸ್ಪೀಕರಿನಲ್ಲೇ ನಡೆಯಬೇಕೆಂಬುದು ನಮ್ಮ ಮನೆಯಾಕೆ ಪುಟ್ಟತಾಯಮ್ಮನ ಕಾನೂನು. ನಿಮ್ಮಲ್ಲೂ ಬೀಗಿತ್ತಿ ಸುಧಾ ಅವರು ಅದೇ ಕಾನೂನನ್ನು ಜಾರಿಯಲ್ಲಿಟ್ಟಿದ್ದಾರೆಂದು ಬಲ್ಲೆ. ನಾವಿಬ್ಬರು ಫೋನಿನಲ್ಲಿ ಒಂದು ಗುಟ್ಟು ಆಡಿದರೆ ಎರಡು ತಾಲ್ಲೂಕುಗಳ ಎರಡು ಅಡುಗೆಮನೆಗಳು ಒಟ್ಟಿಗೆ ನಗುತ್ತವೆ. ಅಂಚೆಯವನೊಬ್ಬನಿಗೇ ನಮ್ಮ ವಿಷಯದಲ್ಲಿ ಆಸಕ್ತಿಯಿಲ್ಲ.

ಈಗ ವಿಷಯ. ಗುರುವಾರ ತುಮಕೂರಿನ ಆಸ್ಪತ್ರೆಯಲ್ಲಿ, ಅಂಗಾಲು ಉರಿಗೆ ಹೊಸ ಔಷಧಿ ಪರೀಕ್ಷೆ ಮಾಡುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬ ಗೃಹಸ್ಥರು ಮುಖದ ತುಂಬ ಶಲ್ಯ ಎಳೆದುಕೊಂಡು ಕೂತಿದ್ದರು. ಪಾಪ, ಹಲ್ಲುನೋವೂ ಇರಬೇಕು ಅಂದುಕೊಂಡೆ. ಆಮೇಲೆ ಶಲ್ಯದ ಅಂಚು ನೋಡಿದೆ. ಅದನ್ನು ಮದುವೆಯ ದಿನ ನಿಮಗೆ ಹೊದಿಸಿದವನು ನಾನು. ಅದರ ಮೂಲೆಯಲ್ಲಿರುವ ಪಾಯಸದ ಕಲೆಗೂ ನಾನೇ ಸಾಕ್ಷಿ.

ನೀವು ನನ್ನನ್ನು ಕಾಣದವರಂತೆ ಕೂತಿರಿ. ನಾನೂ ನೀರಿನ ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಬಹಳ ಶ್ರದ್ಧೆಯಿಂದ ಓದಿದೆ.

ಇನ್ನು ಮುಚ್ಚಿಟ್ಟು ಪ್ರಯೋಜನವೇನು? ನಿಮಗೂ ಸಕ್ಕರೆ ಕಾಯಿಲೆ, ನನಗೂ. ನಿಮ್ಮ ಅಂಗಾಲೂ ಕೆಂಡ, ನನ್ನದೂ. ಈ ಯುಗಾದಿಯ ದಿನ ನಾವಿಬ್ಬರೂ ಒಬ್ಬಟ್ಟನ್ನು ದೂರದಿಂದ ದರ್ಶನ ಮಾಡುತ್ತ ಕೂತಿದ್ದಾಗ ಇಂಪನಾ ವಿವರಿಸಿದ್ದು ನೆನಪಿದೆಯಲ್ಲ? ನೋವು ತಿಳಿಯುವ ನರಗಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆಯಂತೆ. ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗಿತೋ, ‘ಸುಡ್ತಾ ಇದೆ’ ಅಂತ ಸುದ್ದಿ ಬೆನ್ನುಹುರಿ ಹತ್ತಿ ತಲೆಗೆ ಓಡುತ್ತದಂತೆ. ನಮ್ಮ ಕಾಲಿಗೆ ಯಾರೂ ಬೆಂಕಿ ಇಟ್ಟಿಲ್ಲ. ಸಕ್ಕರೆಯಿಂದ ಕೆಟ್ಟ ನರಗಳಲ್ಲಿ ಬಾಗಿಲುಗಳು ತಾವಾಗಿಯೇ ತೆರೆದುಕೊಂಡು ಸುಳ್ಳು ಸುದ್ದಿ ಕಳಿಸುತ್ತಿವೆ. ಬೆಂಗಳೂರಿನ ಅವಳ ಲ್ಯಾಬಿನವರು ಇಷ್ಟು ವರ್ಷ ಒದ್ದಾಡಿ ಕಂಡುಹಿಡಿದಿರುವ ಔಷಧಿ ಆ ಒಂದು ಜಾತಿಯ ಬಾಗಿಲಿಗೆ ಮಾತ್ರ ಚಿಲಕ ಹಾಕುತ್ತದೆ. ಹೃದಯದ ಬಾಗಿಲು ಬೇರೆ, ಮೆದುಳಿನದು ಬೇರೆ. ಅವುಗಳ ತಂಟೆಗೆ ಹೋಗುವುದಿಲ್ಲ.

ಇಷ್ಟು ಹೇಳಿ ಅವಳು, “ಈಗ ತುಮಕೂರಲ್ಲೂ ಇದನ್ನ ರೋಗಿಗಳ ಮೇಲೆ ಪರೀಕ್ಷೆ ಮಾಡ್ತಾರೆ. ನಮ್ಮನೆಯವರು ಮಾತ್ರ ಯಾರೂ ಆ ಕಡೆ ತಲೆ ಹಾಕ್ಬೇಡಿ” ಅಂದಿದ್ದಳು. ಮಗಳು ಮಾಡಿದ ಔಷಧಿಯನ್ನು ಊರವರೆಲ್ಲ ನುಂಗುವುದು, ಹೆತ್ತಪ್ಪ ಬಕೆಟ್ಟಿನ ನೀರಲ್ಲಿ ಕಾಲಿಟ್ಟುಕೊಂಡು ಕೂರುವುದು! ನನ್ನ ಕೈಲಾಗಲಿಲ್ಲ, ಹೋದೆ.

ಅಲ್ಲಿ ಮಧುಶ್ರೀ ಎಂಬ ಹುಡುಗಿ, “ಈ ಔಷಧಿ ಕೆಲ್ಸದಲ್ಲಿ ನಿಮ್ಮ ಮನೆಯವ್ರು ಯಾರಾದ್ರೂ ಇದಾರಾ ಸಾರ್?” ಎಂದು ಕೇಳಿದಳು. ಇಲ್ಲಮ್ಮ ಅಂದೆ. ಇದು ಸುಳ್ಳಲ್ಲ. ಧಾರೆ ಎರೆದು ಕೊಟ್ಟ ಮೇಲೆ ಇಂಪನಾ ನಿಮ್ಮ ಮನೆಯವಳು. ಅದೇ ಪ್ರಶ್ನೆಗೆ ತಾವೇನು ಹೇಳಿದಿರೆಂದು ತಿಳಿಯುವ ಕುತೂಹಲವಿದೆ.

ಇಂತು ವಿನೀತ,
ರಾಮಾಂಜಿನಯ್ಯ


ಕುಣಿಗಲ್
20 ಜೂನ್ 2025

ಬೀಗರಾದ ಮೇಷ್ಟ್ರಿಗೆ ಅನಂತರಾಜು ಮಾಡುವ ವಂದನೆಗಳು.

ಶಲ್ಯದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಸೆಖೆಗೆ ಹೊದ್ದಿದ್ದೆ.

ಆ ಹುಡುಗಿ ನನ್ನನ್ನೂ ಕೇಳಿದಳು. ನಾನೂ ಇಲ್ಲವೆಂದೆ. ಸೊಸೆ ಎಷ್ಟಾದರೂ ನಿಮ್ಮ ರಕ್ತ. ಹೆತ್ತವರು ನೀವು ಗುಬ್ಬಿಯಲ್ಲಿ ಗಟ್ಟಿಯಾಗಿ ಕೂತಿರುವಾಗ ನಾನು ಅವಳನ್ನು ನಮ್ಮ ಮನೆಯವಳು ಅಂತ ಬರೆಸಿದರೆ ನಿಮಗೆ ಅವಮಾನವಲ್ಲವೇ? ನಿಮ್ಮ ಗೌರವಕ್ಕೋಸ್ಕರ ಹೇಳಿದ ಮಾತು ಅದು.

ಒಂದು ತಪ್ಪಾಯಿತು. ಸೋಡಿಯಂ ಒಳಗೆ ಹೋಗಬಾರದು ಅಂತ ಇಂಪನಾ ಅಂದಿದ್ದನ್ನು ಕೇಳಿ, ಸೋಡಿಯಂ ಅಂದರೆ ಉಪ್ಪೇ ತಾನೆ ಅಂತ ಮನೆಯಲ್ಲಿ ಉಪ್ಪು ಬಂದ್ ಮಾಡಿಸಿದ್ದೆ. ಉಪ್ಪಿಲ್ಲದ ಉಪ್ಪುಸಾರು ಉಂಡಿದ್ದೀರಾ? ಸುಧಾ ಒಂದು ವಾರ ಸಹಿಸಿಕೊಂಡಳು. ಎಂಟನೇ ದಿನ ಉಪ್ಪಿನ ಡಬ್ಬಿಯನ್ನೇ ನನ್ನ ತಟ್ಟೆ ಪಕ್ಕ ಕುಕ್ಕಿ, “ನಿಮ್ ಬಾಗ್ಲಿಗೆ ನೀವೇ ಹಾಕ್ಕಳಿ, ನಮ್ ಬಾಗ್ಲು ಚೆನ್ನಾಗವೆ” ಅಂದಳು.

ಆಸ್ಪತ್ರೆಯವರ ವ್ಯವಹಾರ ನನಗೆ ಅರ್ಥವಾಗಲಿಲ್ಲ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡೋಕೆ ಹಾಗೇ ಇದ್ದು ಒಳಗೆ ಔಷಧಿಯೇ ಇಲ್ಲದ ಉತ್ತುತ್ತಿ ಮಾತ್ರೆ. ಯಾರಿಗೆ ಯಾವುದು ಅಂತ ತಗೊಳ್ಳೋನಿಗೂ ಗೊತ್ತಿಲ್ಲ, ಕೊಡೋ ಡಾಕ್ಟ್ರಿಗೂ ಗೊತ್ತಿಲ್ಲ. ನಾನು ಜವಳಿ ಅಂಗಡಿ ನಡೆಸಿದವನು. ರೇಷ್ಮೆಯೋ ಪಾಲಿಯೆಸ್ಟರೋ ಅಂತ ಗಿರಾಕಿಗೆ ಗೊತ್ತಿಲ್ಲದೆ ಇರಬಹುದು, ಅಂಗಡಿಯವನಿಗೂ ಗೊತ್ತಿಲ್ಲದೆ ವ್ಯಾಪಾರ ನಡೆಯೋದು ಇದೇ ಮೊದಲು ಕಂಡದ್ದು.

ಉರಿ ಹತ್ತಕ್ಕೆ ಎಷ್ಟು ಅಂತ ಮಧುಶ್ರೀ ಕೇಳಿದಾಗ ಒಂಬತ್ತು ಅಂದೆ. ಒಂಬತ್ತರಿಂದ ಶುರು ಮಾಡಿದರೆ ಅವಳು ನಾಲ್ಕು ಅಂತಾಳೆ, ಕೊನೆಗೆ ಆರೂವರೆಗೆ ಕುದುರುತ್ತೆ ಅಂತ ನನ್ನ ಲೆಕ್ಕ. ಅವಳು ಚೌಕಾಸಿ ಮಾಡದೆ ಒಂಬತ್ತು ಅಂತಲೇ ಬರೆದುಕೊಂಡು ಬಿಟ್ಟಳು! ಈಗ ಇಳಿಯೋಕೆ ನನಗೇ ಸಂಕೋಚ.

ನಿಮ್ಮ,
ಅನಂತರಾಜು


ಗುಬ್ಬಿ
11 ಜುಲೈ 2025

ಮಾನ್ಯ ಬೀಗರೇ,

ಶುಭಸಮಾಚಾರ. ನಿನ್ನೆ ಮಲಗಿದಾಗ ನನ್ನ ಪಾದದ ಮೇಲೆ ಹೊದಿಕೆ ಬಿತ್ತು. ಬಿತ್ತು, ಅಷ್ಟೆ. ನಾನು ಕಿರುಚಲಿಲ್ಲ. ಹೊದಿಕೆಯು ಹೊದಿಕೆಯ ಹಾಗೆಯೇ ಇತ್ತು. ಇದರಲ್ಲೇನು ಮಹಾ ಎಂದು ಬೇರೆಯವರು ಕೇಳಬಹುದು, ನೀವು ಕೇಳಲಾರಿರಿ.

ಮೊದಲ ದಿನ ನಾನು ಉರಿಗೆ ಆರು ಅಂಕ ಕೊಟ್ಟಿದ್ದೆ. ನನ್ನ ಸೇವಾವಧಿಯಲ್ಲಿ ಹತ್ತಕ್ಕೆ ಆರರ ಮೇಲೆ ನಾನು ಯಾರಿಗೂ ಕೊಟ್ಟವನಲ್ಲ. ಗಣಿತದಲ್ಲಿ ಎಲ್ಲ ಸರಿ ಮಾಡಿದ ಇಂಪನಾಗೂ ಕೊಟ್ಟಿಲ್ಲ. ಆರು ಹಾಕಿದಾಗ ಅವಳು ಊಟ ಬಿಟ್ಟು ಮುನಿಸಿಕೊಂಡಿದ್ದಳು, ಆಗಲೂ ಕೊಡಲಿಲ್ಲ. ಅಂಥ ಆರು ಈಗ ಎರಡಕ್ಕೆ ಇಳಿದಿದೆ. ಆದ್ದರಿಂದ ನನಗೆ ಸಿಕ್ಕಿರುವುದು ನಿಜವಾದ ಮಾತ್ರೆ. ನೀವು ಇನ್ನೂ ಎಂಟು, ಒಂಬತ್ತು ಎನ್ನುತ್ತಿದ್ದೀರಿ. ಆದ್ದರಿಂದ ನಿಮಗೆ ಸಿಕ್ಕಿರುವುದು ಉತ್ತುತ್ತಿ. ಗಣಿತ ಸ್ಪಷ್ಟವಾಗಿದೆ.

ಇದು ತಿಳಿದ ಮೇಲೆ ಹೊದಿಕೆ ಮತ್ತೆ ಭಾರವಾಯಿತು. ಹೆಣ್ಣು ಕೊಟ್ಟವನು ತಣ್ಣಗೆ ಮಲಗಿ, ಹೆಣ್ಣು ತಂದುಕೊಂಡವರು ಉರಿಯಲ್ಲಿ ಹೊರಳುವುದೆಂದರೆ ಏನರ್ಥ? ಮದುವೆಯ ದಿನ ನಿಮ್ಮ ಕಡೆಯ ಪಂಕ್ತಿಗೆ ತಣ್ಣನೆ ಮುದ್ದೆ ಬಂದದ್ದನ್ನು ಸುಧಾ ಅವರು ಇಂದಿಗೂ ನೆನೆಯುತ್ತಾರೆ. ಇದೂ ಅದರ ಜೊತೆ ಸೇರುವುದು ಬೇಡ.

ಹಿರೇಹಳ್ಳಿ ಫ್ಯಾಕ್ಟರಿಗೆ ರಜೆಯಾದ್ದರಿಂದ ನಿಮ್ಮ ಸುಪುತ್ರ, ನಮ್ಮ ಅಳಿಯಂದಿರು ಸಂತೋಷ್ ಈ ಭಾನುವಾರ ಇಲ್ಲಿಂದ ಅಲ್ಲಿಗೆ ಬರುತ್ತಾರೆ. ಅವರ ಕೈಯಲ್ಲಿ ಸ್ಟೀಲ್ ಡಬ್ಬಿ ಕಳಿಸುತ್ತಿದ್ದೇನೆ. ಮದುವೆಯಲ್ಲಿ ಕೊಟ್ಟ, ಮುಚ್ಚಳದ ಮೇಲೆ ‘ಇಂಪನಾ–ಸಂತೋಷ್’ ಎಂದು ಹೆಸರು ಹೊಡೆಸಿದ ಅದೇ ಡಬ್ಬಿ. ಮೇಲೆ ಹುರಿದ ಕಡಲೆಕಾಯಿ ಬೀಜ ಇದೆ. ಕೆಳಗೆ ಕೈ ಹಾಕಿ. ಈ ತಿಂಗಳ ನನ್ನ ಮಾತ್ರೆಗಳೆಲ್ಲ ಅಲ್ಲಿವೆ. ದಯವಿಟ್ಟು ಸ್ವೀಕರಿಸಬೇಕು.

ಇಂತು,
ರಾಮಾಂಜಿನಯ್ಯ


ಕುಣಿಗಲ್
22 ಜುಲೈ 2025

ಮೇಷ್ಟ್ರೇ,

ಡಬ್ಬಿ ಬಂತು. ಕಡಲೆಕಾಯಿ ಬೀಜ ಸುಧಾಳಿಗೆ, ಕೆಳಗಿನದು ನನಗೆ. ಬೇಡ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಕಾಲು ಉರಿಯಿತು, ಬೇಡ ಅನ್ನುವುದು ಮರೆತುಹೋಯಿತು.

ಆದರೆ ಡಬ್ಬಿ ವಾಪಸ್ ಕಳಿಸುವ ಹೊತ್ತಿಗೆ ನನಗೆ ಪೀಕಲಾಟ ಶುರುವಾಯಿತು. ಬಂದ ಡಬ್ಬಿಯನ್ನು ಖಾಲಿ ಕಳಿಸುವ ಮನೆಯಲ್ಲ ನಮ್ಮದು. ಒಂದು ಚೂರು ಬೆಲ್ಲವಾದರೂ ಹಾಕಬೇಕು. ಸುಧಾ ತಂಗಿಯ ಮನೆಗೆ ಹೋಗಿದ್ದಳು. ಚಕ್ಕುಲಿ ಮುಗಿದಿತ್ತು. ಬೆಲ್ಲ ಕಳಿಸೋಣವೆಂದರೆ ನಿಮಗೆ ಸಕ್ಕರೆ. ಸಂತೋಷ್ ಬೈಕ್ ಸ್ಟಾರ್ಟ್ ಮಾಡಿಕೊಂಡು, “ಅಪ್ಪಾ, ಕೊಡ್ತೀರೋ ಇಲ್ವೋ?” ಅಂತ ಹಾರನ್ ಹೊಡೀತಾ ಇದ್ದ. ಕೈಗೆ ಸಿಕ್ಕಿದ್ದು ನನ್ನ ಮಾತ್ರೆಗಳು. ಅವನ್ನೇ ಕೆಳಗಿಟ್ಟು ಮೇಲೆ ಹುರಿಗಡಲೆ ಸುರಿದೆ.

ಉತ್ತುತ್ತಿಯೇ ಇರಬಹುದು. ಆದರೂ ನುಂಗಿ. ಉಳಿದ ಮಾತ್ರೆ ಎಷ್ಟು ಅಂತ ಮಧುಶ್ರೀ ಎಣಿಸುತ್ತಾಳೆ, ನಿಮ್ಮ ಪಟ್ಟಿ ಪೂರ್ತಿ ಖಾಲಿ ಇದ್ದರೆ ಚೆಂದ.

ನಿಮ್ಮ,
ಅನಂತರಾಜು


ಕುಣಿಗಲ್
9 ಆಗಸ್ಟ್ 2025

ಮೇಷ್ಟ್ರೇ, ಮೇಷ್ಟ್ರೇ!

ಈ ಬೆಳಿಗ್ಗೆ ದೊಡ್ಡಕೆರೆ ಏರಿಯ ಮೇಲೆ ನಡೆದೆ. ಬರಿಗಾಲಲ್ಲಿ! ನಡೆದು ಬಂದವನು ಸುಮ್ಮನೆ ಮನೆಗೆ ಹೋಗದೆ ಮತ್ತೆ ತಿರುಗಿ ನಡೆದೆ. ಎದುರಿಗೆ ಬಂದ ನಮ್ಮ ಹಳೇ ಗಿರಾಕಿ ಕದರಯ್ಯ, “ಏನ್ ಸಾಹುಕಾರ್ರೇ, ಫಾರಂನಿಂದ ತಪ್ಪಿಸ್ಕೊಂಡ್ ಬಂದ ಕುದ್ರೆ ಇದ್ದಂಗಿದೀರಲ್ಲ” ಅಂದ. “ನಮ್ ಸೊಸೆ ಮಾಡಿರೋ ಔಷ್ದಿ ಕಣೋ” ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮಧುಶ್ರೀಗೆ ಈ ಸಲ ಎಂಟರಿಂದ ಒಂದೇ ಏಟಿಗೆ ಮೂರಕ್ಕೆ ಇಳಿಸಿಬಿಟ್ಟೆ. ಇಂಥ ರಿಯಾಯಿತಿ ನಾನು ಆಷಾಢದಲ್ಲೂ ಕೊಟ್ಟವನಲ್ಲ. ನಿಮ್ಮ ಮಾತ್ರೆ ದೊಡ್ಡದು, ಅದನ್ನು ಕೊಟ್ಟ ನಿಮ್ಮ ಮನಸ್ಸು ಇನ್ನೂ ದೊಡ್ಡದು. ತಣ್ಣನೆ ಮುದ್ದೆಯ ಮಾತನ್ನು ಇನ್ನು ಈ ಮನೆಯಲ್ಲಿ ಯಾರೂ ಎತ್ತಬಾರದೆಂದು ಹೇಳಿದ್ದೇನೆ. ಸುಧಾ ಯಾಕೆ ಅಂತ ಕೇಳಿದಳು, ಇನ್ನರ್ಧ ಮುದ್ದೆ ಹಾಕಿಸಿಕೊಂಡೆ.

ನಿಮ್ಮ ಕಾಲು ಹೇಗಿದೆ?

ನಿಮ್ಮ,
ಅನಂತರಾಜು


ಗುಬ್ಬಿ
13 ಆಗಸ್ಟ್ 2025

ಮಾನ್ಯ ಬೀಗರೇ,

ತಮ್ಮ ಪತ್ರ ಓದಿ ಸಂತೋಷವಾಯಿತು. ಕೆರೆ ಏರಿಯ ಮೇಲೆ ಕಲ್ಲಿರುತ್ತದೆ, ನೋಡಿಕೊಂಡು ನಡೆಯಿರಿ. ನಮ್ಮಲ್ಲೂ ಕ್ಷೇಮ. ಮಳೆ ಪರವಾಗಿಲ್ಲ. ಹೊಸ ತಿಂಗಳ ಮಾತ್ರೆಗಳನ್ನು ಶನಿವಾರ ಸಂತೋಷ್ ಕೈಯಲ್ಲಿ, ಅದೇ ಡಬ್ಬಿಯಲ್ಲಿ ಕಳಿಸುತ್ತೇನೆ.

ಇಂತು,
ರಾಮಾಂಜಿನಯ್ಯ

ಸುಧಕ್ಕಾ, ನಾನು ಪುಟ್ಟತಾಯಿ. ಇವರು ಅಂಚೆ ಚೀಟಿ ಹುಡುಕೋಕೆ ಎದ್ದಾಗ ಕೆಳಗಿದ್ದ ಜಾಗದಲ್ಲಿ ಬರೀತಾ ಇದೀನಿ. ಕ್ಷೇಮ ಅಂತ ಬರೆದವರೆ, ಬರೆಯುವಾಗ ಎರಡು ಕಾಲೂ ಬಕೆಟ್‌ನಲ್ಲಿದ್ದವು. ಹೋದ ತಿಂಗಳು ಚೆನ್ನಾಗಿದ್ದರು, ಈಗ ಮೊದಲಿಗಿಂತ ಜಾಸ್ತಿ. ಕೇಳಿದರೆ “ಏನಿಲ್ಲ ಸುಮ್ನಿರೇ” ಅಂತಾರೆ. ಕುಣಿಗಲ್ ಕಡೆ ಯಾರಾದರೂ ಒಳ್ಳೆ ಡಾಕ್ಟ್ರಿದ್ದರೆ ಬೀಗರನ್ನ ಕೇಳಿ ಹೇಳಕ್ಕಾ.


ತುಮಕೂರು, ಸದಾಶಿವನಗರ
18 ಆಗಸ್ಟ್ 2025

ಅಪ್ಪ, ಮಾವ,

ಇಬ್ಬರಿಗೂ ಒಂದೇ ಕಾಗದ. ಒಂದು ಬರೆದು ಜೆರಾಕ್ಸ್ ಮಾಡಿಸಿದೀನಿ. ಯಾರಿಗೆ ಒರಿಜಿನಲ್, ಯಾರಿಗೆ ಜೆರಾಕ್ಸ್ ಅಂತ ಹೇಳಲ್ಲ. ನೀವೂ ಸ್ವಲ್ಪ ದಿನ ಒದ್ದಾಡಿ.

ಶನಿವಾರ ಸಂತೋಷ್ ಗುಬ್ಬಿಯಿಂದ ತಂದ ಡಬ್ಬಿ ನಮ್ಮ ಅಡುಗೆಮನೆ ಕಟ್ಟೆ ಮೇಲಿತ್ತು. ಬೆಳಿಗ್ಗೆ ಕುಣಿಗಲ್‌ಗೆ ಹೋಗಬೇಕಾದ್ದು. ಕ್ಯಾತ್ಸಂದ್ರದಲ್ಲಿ ಟ್ರೈನ್ ಇಳಿದು ಬಂದವಳಿಗೆ ಹಸಿವು. ಅಪ್ಪನ ಮನೆ ಡಬ್ಬಿ, ಮುಚ್ಚಳದ ಮೇಲೆ ನನ್ನದೇ ಹೆಸರು, ಕಡಲೆಕಾಯಿ ಬೀಜಕ್ಕೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ನಾನು ಏಳು ವರ್ಷದಿಂದ ಹಗಲೂ ರಾತ್ರಿ ಯೋಚನೆ ಮಾಡ್ತಿರೋ ಮಾತ್ರೆ!

ಆಮೇಲೆ ಸಂತೋಷ್ ನಿಮ್ಮಿಬ್ಬರಿಗೂ ಫೋನ್ ಮಾಡಿ ಗದರಿಸಿದಾಗ ನೀವು ಹೇಳಿದ್ದನ್ನೆಲ್ಲ ನಾವು ನಾಲ್ಕೂ ಜನ ಸ್ಪೀಕರಿನಲ್ಲಿ ಕೇಳಿದ್ವಿ. ಅಮ್ಮ, ಅತ್ತೆ ಇಬ್ಬರೂ ಇನ್ನೂ ನಗ್ತಾ ಇದಾರೆ. ನನಗೆ ನಗು ಬರ್ತಿಲ್ಲ.

ಯಾರು ಯಾವ ಮಾತ್ರೆ ತಗೋತಾರೆ ಅಂತ ಯಾರಿಗೂ ಹೇಳದೆ ಇರೋದು ಮೋಸ ಮಾಡೋಕಲ್ಲ. ಗೊತ್ತಾದರೆ ಮನಸ್ಸು ತನಗೆ ಬೇಕಾದ ಹಾಗೆ ನೋವನ್ನ ಹಿಗ್ಗಿಸುತ್ತೆ, ಕುಗ್ಗಿಸುತ್ತೆ. ಆಗ ಬಾಗಿಲು ಮುಚ್ಚಿದ್ದು ಔಷಧಿಯೋ ಆಸೆಯೋ ತಿಳಿಯಲ್ಲ. ನೀವು ಅದನ್ನ ಡಬ್ಬಿಗೆ ಹಾಕಿ ಕುಲುಕಿಬಿಟ್ರಿ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಾಳೆ ಇದು ಹೊರಗೆ ಬಂದರೆ, ಇಂಪನಾ ತನ್ನ ಮನೆಯವರನ್ನೇ ಕಳ್ಳತನದಿಂದ ಪರೀಕ್ಷೆಗೆ ಸೇರಿಸಿದಳು ಅಂತಾರೆ. ನನ್ನ ಕೆಲಸವೂ ಹೋಗುತ್ತೆ, ಔಷಧಿಯ ಹೆಸರೂ ಹೋಗುತ್ತೆ. ಅದನ್ನೇ ನಂಬಿಕೊಂಡು ಕಾಲು ಬಕೆಟ್‌ನಲ್ಲಿಟ್ಟುಕೊಂಡು ಕೂತಿರೋ ಎಷ್ಟೋ ಜನ ಅಲ್ಲೇ ಕೂತಿರ್ತಾರೆ.

ನನ್ನ ಬಗ್ಗೆ ಮಧುಶ್ರೀ ಕೇಳಿದಾಗ ಅಪ್ಪ, ನಾನು ನಿಮ್ಮ ಮನೆಯವಳಲ್ಲ ಅಂದ್ರಿ. ಮಾವ, ನೀವೂ ಅಲ್ಲ ಅಂದ್ರಿ. ಹಾಗಾದ್ರೆ ನಾನು ಯಾರ ಮನೆಯವಳು? ಈ ಬಾಡಿಗೆ ಮನೆ ಓನರ್ ಪುಟ್ಟರಂಗಯ್ಯನವರ ಮನೆಯವಳಾ?

ಶುಕ್ರವಾರದ ಒಳಗೆ ನೀವಿಬ್ಬರೂ ಆಸ್ಪತ್ರೆಗೆ ಹೋಗಿ ಎಲ್ಲಾ ಹೇಳಬೇಕು. ಹೇಳದೆ ಇದ್ರೆ ಶನಿವಾರ ನಾನೇ ಹೇಳ್ತೀನಿ. ಹೇಳಿದ ತಕ್ಷಣ ಮಾತ್ರೆ ನಿಲ್ಲಿಸ್ತಾರೆ. ಉರಿ ವಾಪಸ್ ಬರಬಹುದು. ಅದು ಗೊತ್ತಿದ್ದೂ ಕೇಳ್ತಾ ಇದೀನಿ.

ಇಂಪನಾ
(ಮನೆ ವಿಳಾಸ ತಿಳಿದಿಲ್ಲ)


ಕುಣಿಗಲ್
19 ಆಗಸ್ಟ್ 2025

ಮೇಷ್ಟ್ರೇ,

ನನಗೆ ಬಂದದ್ದು ಜೆರಾಕ್ಸ್. ಇಂಕು ಒರೆಸಿ ನೋಡಿದೆ.

ನಿಜ ಹೇಳುತ್ತೇನೆ. ಸೊಸೆಯ ಕಾಗದ ಓದಿ ಮೊದಲು ನನ್ನ ಕಾಲನ್ನೇ ನೋಡಿಕೊಂಡೆ. ಈಗಷ್ಟೇ ಅದಕ್ಕೆ ನೆಲದ ಪರಿಚಯವಾಗುತ್ತಿದೆ. ಸುಮ್ಮನೆ ‘ಹೇಳಿ ಬಂದ್ವಿ ಕಣಮ್ಮ’ ಅಂದುಬಿಟ್ಟರೆ ಹೇಗೆ ಎಂಬ ಯೋಚನೆಯೂ ಬಂತು. ಅರ್ಧ ದಿನ ಆ ಯೋಚನೆಯ ಜೊತೆಯಲ್ಲೇ ಕೂತಿದ್ದೆ.

ಅಷ್ಟರಲ್ಲಿ ಸುಧಾ ನಿಮ್ಮ ಹೋದ ವಾರದ ಕಾಗದ ತಂದು, ಬೀಗಿತ್ತಿ ಕೆಳಗೆ ಬರೆದಿದ್ದನ್ನು ಓದಿ ಹೇಳಿದಳು. ನಾನು ಮೇಲಿನದು ಮಾತ್ರ ಓದಿ ಮಡಚಿಟ್ಟಿದ್ದೆ. ಮೇಷ್ಟ್ರೇ, ಬಕೆಟ್ಟಿನ ವಿಷಯ ನೀವು ಬರೆಯಲಿಲ್ಲ. ನಾನು ಕುದುರೆಯ ಹಾಗೆ ಕುಣಿದು ನಿಮಗೆ ಕಾಗದ ಬರೆದಾಗ ನಿಮ್ಮ ಕಾಲು ನೀರಲ್ಲಿತ್ತು. ನೀವು ನನಗೆ ಹೇಳಿದ್ದು ಕೆರೆ ಏರಿಯ ಕಲ್ಲು ನೋಡಿಕೊಂಡು ನಡೆಯಿರಿ ಅಂತ.

ಶುಕ್ರವಾರ ಬೆಳಿಗ್ಗೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಸಿಗಿ. ತಪ್ಪೆಲ್ಲ ನನ್ನದು ಅಂತ ಹೇಳುತ್ತೇನೆ. ನೀವು ಮೇಷ್ಟ್ರು, ನಿಮ್ಮ ಹೆಸರು ಕೆಡಬಾರದು. ಜವಳಿ ಅಂಗಡಿಯವನು ಒಂದು ಸುಳ್ಳು ಹೇಳಿದ ಅಂದರೆ ಯಾರೂ ಬೆಚ್ಚಿ ಬೀಳುವುದಿಲ್ಲ. ಶಲ್ಯ ತರುವುದಿಲ್ಲ.

ನಿಮ್ಮ,
ಅನಂತರಾಜು


ಗುಬ್ಬಿ
23 ಆಗಸ್ಟ್ 2025

ಚಿ. ಸೌ. ಇಂಪನಾಗೆ, ಅಪ್ಪನ ಆಶೀರ್ವಾದ.

ನಿನ್ನೆ ಹೋಗಿ ಹೇಳಿದೆವು. ವರದಿ ಒಪ್ಪಿಸುತ್ತಿದ್ದೇನೆ.

ಮಧುಶ್ರೀ ನಮ್ಮನ್ನು ಡಾಕ್ಟರ್ ಅಂಜನ್‌ಕುಮಾರ್ ಅವರ ಮುಂದೆ ಕೂರಿಸಿದಳು. ಬಸ್ಸಿನಲ್ಲಿ ಬರುವಾಗಲೇ ನಾನು ನಮ್ಮ ತಪ್ಪೊಪ್ಪಿಗೆಯನ್ನು ಪೀಠಿಕೆ ಸಮೇತ ಸಿದ್ಧಮಾಡಿಕೊಂಡಿದ್ದೆ. ನಾನು ಪೀಠಿಕೆಯಲ್ಲಿರುವಾಗಲೇ ಬೀಗರು, “ಸಾರ್, ಮಾತ್ರೆ ಅದ್ಲುಬದ್ಲು ಮಾಡ್ಕೊಂಡ್ವಿ. ಡಬ್ಬಿ ಖಾಲಿ ಕಳಿಸ್ಬಾರ್ದು ಅಂತ” ಎಂದು ಮುಗಿಸಿಬಿಟ್ಟರು. ಡಾಕ್ಟರಿಗೆ ಡಬ್ಬಿಯ ವಿಷಯ ವಿವರಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು.

ಆಮೇಲೆ ಮಧುಶ್ರೀ ಕೇಳಿದಳು. “ಅಲ್ಲ ಸಾರ್, ಇಂಪನಾ ಮೇಡಂ ನಿಮ್ಗೇನಾಗ್ಬೇಕು?”

“ನಮ್ಮನೆ ಮಗ್ಳು” ಎಂದೆವು. ಇಬ್ಬರೂ. ಒಟ್ಟಿಗೆ.

ಡಾಕ್ಟರು, “ಯಾರಾದ್ರೂ ಒಬ್ರು ಹೇಳಿ” ಅಂದರು.

“ನಮ್ಮ ಹುಡುಗಿ ಸಾರ್. ಇವರು ಹೆತ್ತಿರಬಹುದು, ಬೆಳಿಗ್ಗೆದ್ದು ಅವಳ ಟಿಫನ್ ಬಾಕ್ಸಿಗೆ ಚಿಂತೆ ಮಾಡೋರು ನಮ್ಮನೇಲಿ” ಎಂದರು ಬೀಗರು.

“ಚಿಂತೆ ಮಾಡ್ತಾರೆ, ಬಾಕ್ಸ್ ತುಂಬ್ಸೋದು ಅವಳೇ!” ಎಂದೆ. “ಅವಳಿಗೆ ಅಕ್ಷರ ತಿದ್ದಿಸಿದ ಕೈ ಇದು. ಮೊದಲು ನಮ್ಮನೆಯವಳು, ಆಮೇಲೆ ಬೇರೆ ಮಾತು.”

“ಮೇಷ್ಟ್ರೇ, ಜೂನ್ ತಿಂಗಳಲ್ಲಿ ‘ನಿಮ್ಮ ಮನೆಯವಳು’ ಅಂತ ಕೈಯಾರೆ ಬರ್ದಿದೀರಿ. ಕಾಗದ ಇದೆ ನನ್ಹತ್ರ!”

“ನೀವೂ ಬರ್ದಿದೀರಿ, ನಿಮ್ಮ ರಕ್ತ ಅಂತ!”

ನನ್ನ ಧ್ವನಿ ಸ್ವಲ್ಪ ಏರಿತೆಂದು ತೋರುತ್ತದೆ. ಹೊರಗಿನ ಬೆಂಚಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮಧುಶ್ರೀ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಆಚೆ ಓಡಿದಳು. ಡಾಕ್ಟರು ಮಾತ್ರ ನಗದೆ, “ಇಬ್ಬರ ಮಗಳು ಅಂತ ಬರ್ಕೋತೀನಿ. ಆಕೆಗೆ ಈ ವಿಷಯ ಮೊದ್ಲೇ ಗೊತ್ತಿತ್ತಾ?” ಅಂದರು. ಇಲ್ಲವೆಂದೆವು. ಅದನ್ನೂ ಬರೆದುಕೊಂಡು ಇಬ್ಬರ ಸಹಿ ಮಾಡಿಸಿಕೊಂಡರು. ಮೇಲಿನವರಿಗೆ ವರದಿ ಹೋಗುತ್ತದಂತೆ. ನಿನ್ನನ್ನೂ ಕರೆಸಿ ಕೇಳುತ್ತಾರಂತೆ.

ಕೊನೆಗೆ ಡಾಕ್ಟರು, “ಈಗ ಮುಚ್ಚುಮರೆ ಇಲ್ದೆ ಹೇಳಿ ಮೇಷ್ಟ್ರೇ, ಉರಿ ಹತ್ತಕ್ಕೆ ಎಷ್ಟಿದೆ?” ಎಂದು ಕೇಳಿದರು. ಬೀಗರು ನನ್ನ ಮುಖವನ್ನೇ ನೋಡುತ್ತಿದ್ದರು. ಆರು ಎನ್ನೋಣವೆಂದು ಬಾಯಿ ತೆರೆದೆ. ಒಂಬತ್ತು ಅಂದೆ. ಬೀಗರು ತಲೆ ತಗ್ಗಿಸಿದರು.

ಇಬ್ಬರ ಮಾತ್ರೆಯನ್ನೂ ವಾಪಸ್ ತೆಗೆದುಕೊಂಡರು. ಬರುವಾಗ ಮೆಟ್ಟಿಲಿನ ಮೇಲೆ ಬೀಗರು ನನ್ನ ತೋಳು ಹಿಡಿದುಕೊಂಡು ಇಳಿಸಿದರು. ಹೆಣ್ಣಿನ ಕಡೆಯವನಿಗೆ ಇಂಥ ಮರ್ಯಾದೆ ಸಲ್ಲುವುದು ಅಪರೂಪ. ಅನುಭವಿಸಿದೆ.

ನಿನ್ನ,
ಅಪ್ಪ


ತುಮಕೂರು
10 ಮಾರ್ಚ್ 2026

ಅಪ್ಪ, ಮಾವ,

ಈ ಸಲವೂ ಒಂದೇ ಕಾಗದ. ಆದರೆ ಎರಡು ಸಲ ಕೈಯಲ್ಲೇ ಬರೆದಿದೀನಿ, ಇಬ್ಬರಿಗೂ ಒರಿಜಿನಲ್.

ನನ್ನನ್ನ ಮೂರು ಸಲ ಕರೆಸಿ ಕೇಳಿದ್ದು, ನಾನು ಸಮಜಾಯಿಷಿ ಬರೆದುಕೊಟ್ಟಿದ್ದು, ಆ ದಿನಗಳಲ್ಲಿ ನಾನು ನಿಮ್ಮ ಫೋನ್ ಎತ್ತದೆ ಇದ್ದದ್ದು, ಎಲ್ಲಾ ಮುಗೀತು. ನೀವಾಗೇ ಹೋಗಿ ಹೇಳಿದ್ದರಿಂದ ನಾನು ಉಳಿದೆ. ನಿಮ್ಮಿಬ್ಬರ ಲೆಕ್ಕ ತೆಗೆದಿಟ್ಟು ಪರೀಕ್ಷೆ ಮುಂದುವರೀತು. ಫಲಿತಾಂಶ ಬಂದಿದೆ. ಪವಾಡ ಅಲ್ಲ. ಆದ್ರೆ ನಿಜವಾದ ಮಾತ್ರೆ ತಗೊಂಡವರಲ್ಲಿ ಉರಿ ಸ್ಪಷ್ಟವಾಗಿ ಇಳಿದಿದೆ. ಇನ್ನೂ ದೊಡ್ಡ ಪರೀಕ್ಷೆ ಮಾಡಬಹುದು ಅಂತ ಒಪ್ಪಿಗೆ ಸಿಕ್ಕಿದೆ. ಮೊನ್ನೆ ಟ್ರೈನಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿ ಕಿತ್ತಳೆ ಸುಲಿದುಕೊಟ್ಟರು.

ಈಗ ನಿಮ್ಮ ವಿಷಯ. ಯಾರ ಮಾತ್ರೆ ಯಾವುದು ಅಂತ ಡಾಕ್ಟರ್ ತಿಳಿಸಿದಾರೆ. ಕೂತ್ಕೊಂಡು ಓದಿ.

ಅಪ್ಪ, ನಿಮಗೆ ಕೊಟ್ಟಿದ್ದು ಉತ್ತುತ್ತಿ. ಮಾವ, ನಿಜವಾದದ್ದು ನಿಮ್ಮದು.

ಅಂದ್ರೆ ಹೊದಿಕೆ ಹೊದಿಕೆ ಹಾಗಿತ್ತು ಅಂತ ಅಪ್ಪ ಹಿಗ್ಗಿದ್ದು ಉತ್ತುತ್ತಿಯಲ್ಲಿ. ತ್ಯಾಗ ಮಾಡಿ ಕಳಿಸಿದ್ದೂ ಉತ್ತುತ್ತಿಯನ್ನೇ. ಮಾವ ಕೆರೆ ಏರಿ ಮೇಲೆ ಬರಿಗಾಲಲ್ಲಿ ನಡೆದಿದ್ದು ಬೀಗರ ಉತ್ತುತ್ತಿ ನುಂಗಿ. ಹುರಿಗಡಲೆ ಕೆಳಗೆ ಬಂದ ನಿಜವಾದ ಔಷಧಿ ನುಂಗಿ ಅಪ್ಪ ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಕೂತಿದ್ರು!

ಯಾಕೆ ಹೀಗಾಯ್ತು ಅಂತ ಕೇಳಿದ್ರೆ ನನಗೆ ಪೂರ್ತಿ ಗೊತ್ತಿಲ್ಲ. ಕಾಲಿನ ಬಾಗಿಲಿಗೆ ನಾವು ಚಿಲಕ ಮಾಡಬಲ್ಲೆವು. ಸುದ್ದಿ ಮೇಲೆ ತಲುಪಿದ ಮೇಲೆ ಅಲ್ಲಿ ಕೂತಿರೋರು ಅದನ್ನ ಹೇಗೆ ಓದ್ಕೋತಾರೆ ಅನ್ನೋದು ಬೇರೆ ಕಥೆ. ಇಬ್ಬರು ಬೀಗರು ಸೇರಿದ್ರೆ ಅದು ವಿಜ್ಞಾನ ಆಗಲ್ಲ, ಅದಕ್ಕೇ ನೂರಾರು ಜನ ಬೇಕು. ದಯವಿಟ್ಟು ಇದನ್ನ ಬಸ್‌ಸ್ಟ್ಯಾಂಡಲ್ಲಿ ಹೇಳ್ಕೊಂಡು ತಿರುಗಬೇಡಿ.

ಯುಗಾದಿಗೆ ಎಲ್ಲರೂ ಗುಬ್ಬಿಗೇ ಬರೋಣ. ಅದಕ್ಕೆ ಮುಂಚೆ ಸಂತೋಷ್ ಕೈಯಲ್ಲಿ ಡಬ್ಬಿ ಕಳಿಸ್ತಾ ಇದೀನಿ. ಖಾಲಿ ಡಬ್ಬಿ. ಬೇಕಂತಲೇ ಖಾಲಿ. ಇದೊಂದು ಸಲ ಅದರಲ್ಲಿ ಏನೂ ಇಲ್ಲ ಅಂತ ನನಗೆ ಖಾತ್ರಿಯಾಗಿ ಗೊತ್ತಿರಲಿ.

ಇಂಪನಾ


ಗುಬ್ಬಿ
15 ಮಾರ್ಚ್ 2026

ಮಗಳೇ,

ಬೀಗರು ಡಬ್ಬಿಯ ಜೊತೆಯಲ್ಲೇ ಗುಬ್ಬಿಗೆ ಬಂದಿದ್ದಾರೆ. ಎದುರಿಗೆ ಕೂತಿದ್ದಾರೆ. ಒಂದು ಬಕೆಟ್, ಎರಡು ಜೊತೆ ಕಾಲು. ಇಬ್ಬರೂ ಈಗ ಹಳೇ ಮಾತ್ರೆಯಲ್ಲೇ ಇದ್ದೇವೆ, ಉರಿ ಇದ್ದೇ ಇದೆ. ನಿನ್ನ ಔಷಧಿ ಅಂಗಡಿಗೆ ಬರುವವರೆಗೆ ನೀರು ಬದಲಾಯಿಸಿಕೊಂಡು ಕಾಯುತ್ತೇವೆ. ಈ ಸಲ ಸರದಿಯಲ್ಲಿ ನಿಂತು ಚೀಟಿ ತೋರಿಸಿಯೇ ಕೊಳ್ಳುತ್ತೇವೆ.

ನಿನ್ನ ಕಾಗದ ಓದಿದ ಮೇಲೆ ಬೀಗರು ಒಂದು ವಿಷಯ ಒಪ್ಪಿಕೊಂಡರು. ಮೊದಲ ತಿಂಗಳಲ್ಲೇ ಅವರ ಉರಿ ಅರ್ಧಕ್ಕರ್ಧ ಇಳಿದಿತ್ತಂತೆ. “ಕೇಳ್ದೇಟ್ಗೆ ಇಳ್ಸಿದ್ರೆ ವ್ಯಾಪಾರ ಆಯ್ತದಾ ಮೇಷ್ಟ್ರೇ? ಇನ್ನೂ ಎಲ್ಡು ಸಲ ಕೇಳ್ಲಿ ಅಂತ ಎಂಟ್ರಲ್ಲೇ ನಿಂತಿದ್ದೆ” ಅಂದರು. ಅವರ ಚೌಕಾಸಿಯನ್ನು ನಂಬಿ ನಾನು ತ್ಯಾಗಿಯಾದೆ. ನಿಮ್ಮಮ್ಮ ನಕ್ಕು ನಕ್ಕು ಒಲೆಯ ಮೇಲಿನ ಹಾಲು ಉಕ್ಕಿಸಿದಳು.

ಖಾಲಿ ಡಬ್ಬಿ ನೋಡಿ ಮಾತ್ರ ಅವಳಿಗೆ ಕಸಿವಿಸಿಯಾಯಿತು. ಖಾಲಿ ಬಂದದ್ದನ್ನು ಖಾಲಿಯಾಗಿಯೇ ಹಿಂದಕ್ಕೆ ಕಳಿಸಲು ಈ ಮನೆಯಲ್ಲಿ ಯಾರಿಗೂ ಕೈ ಬರುವುದಿಲ್ಲ. ಕಡಲೆಕಾಯಿ ಬೀಜ ತುಂಬಿದ್ದೇವೆ. ತಳದವರೆಗೂ ಬೀಜವೇ. ಕೈ ಹಾಕಿ ನೋಡು.

ಕೊನೆಯದಾಗಿ, ನಿನ್ನ ಔಷಧಿಗೆ ಅಂಕ ಕೊಡಬೇಕೆಂದು ಬೀಗರು ಹಟ ಹಿಡಿದಿದ್ದಾರೆ. ನನ್ನ ನಿಯಮ ನಿನಗೆ ಗೊತ್ತು. ಬೆಳಿಗ್ಗೆಯಿಂದ ಯೋಚಿಸಿ, ಜೀವನದಲ್ಲಿ ಮೊದಲ ಸಲ, ಹತ್ತಕ್ಕೆ ಏಳು ಬರೆದಿದ್ದೇನೆ. ಬೀಗರು ಹತ್ತರಿಂದ ಕೆಳಗೆ ಇಳಿಯುತ್ತಿಲ್ಲ. ನಾನು ಏಳೂಕಾಲಿಗೆ ಬಂದಿದ್ದೇನೆ. ಯುಗಾದಿಯ ಹೊತ್ತಿಗೆ ಎಲ್ಲಿ ಕುದುರುತ್ತದೋ ನೋಡೋಣ, ನೀನು ಊಟ ಬಿಡಬೇಡ.

ಇಂತಿ ನಿನ್ನ ಮನೆಯವರು,
ರಾಮಾಂಜಿನಯ್ಯ
ಅನಂತರಾಜು